ಎಜ್ರಾ ಪೆಂಗೆಲ್ಲಿ ಹತ್ತನೆಯವನಾದದ್ದು

ಎಜ್ರಾ ಪೆಂಗೆಲ್ಲಿ ಸುಳ್ಳುಗಾರನಲ್ಲ. ಎದುರಿಗೆ ಕೂತವರಿಗೆ ಸಂತೋಷವಾಗುತ್ತದೆ ಎಂದಾದರೆ ನಿಜವನ್ನು ಒಂದಿಷ್ಟು ಎಳೆದು ಉದ್ದ ಮಾಡಿ ಕೊಡುವ ಉದಾರಿ, ಅಷ್ಟೆ. ಮರ್ರಂಬಾ ಪುರಸಭೆಯಲ್ಲಿ ಮೂವತ್ತೊಂದು ವರ್ಷ ಚರಂಡಿ ತಪಾಸಣೆ ಮಾಡಿ ನಿವೃತ್ತನಾದ ಮೇಲೆ ಅವನಿಗೆ ಸುಮ್ಮನೆ ಕೂರಲಾಗಲಿಲ್ಲ. ಊರಿನ ಸರ್ವಧರ್ಮ ಸ್ನೇಹ ಸಮಿತಿಯಲ್ಲಿ ಕಾರ್ಯದರ್ಶಿಯ ಜಾಗ ಖಾಲಿ ಬಿದ್ದಿತ್ತು, ಯಾರಿಗೂ ಬೇಡವಾಗಿತ್ತು, ಅವನು ಹೋಗಿ ಕೂತುಬಿಟ್ಟ.

ಸಮಿತಿಯ ಅಧ್ಯಕ್ಷೆ ಪಾದ್ರಿ ಮಿಸೆಸ್ ಟ್ರೆಲೋರ್ ಒಂದು ಸಂಜೆ, "ನಮ್ಮಲ್ಲಿ ಯಾರಾದ್ರೂ ಬೇರೆ ಧರ್ಮದವರ ಪ್ರಾರ್ಥನೆಗೆ ಹೋಗಿದೀರಾ?" ಎಂದು ಕೇಳಿದರು. ಹನ್ನೆರಡು ಜನ ಸದಸ್ಯರು ಗಂಭೀರವಾಗಿ ತಟ್ಟೆಯ ಬಿಸ್ಕತ್ತು ನೋಡಿದರು. ಅಧ್ಯಕ್ಷೆಯ ಮುಖ ಬಾಡಿತು. ಬಾಡಿದ ಮುಖ ನೋಡಿದರೆ ಎಜ್ರಾನಿಗೆ ತಡೆಯುವುದಿಲ್ಲ.

"ನಾನು ಎಲ್ಲಾ ಕಡೆಗೂ ಹೋಗಿದೀನಿ," ಎಂದ.

ಹೋಗಿದ್ದೇನೋ ಹೌದು. ಮಸೀದಿ, ಗುರುದ್ವಾರ, ಯೆಹೂದಿಗಳ ಸಿನಗಾಗ್ ಯಾವುದನ್ನೂ ಬಿಟ್ಟಿರಲಿಲ್ಲ. ಎಲ್ಲದರ ಹಿತ್ತಿಲಿಗೂ ಹೋಗಿ ಚರಂಡಿ ನೋಡಿ ಬಂದಿದ್ದ. ಆದರೆ ಇದನ್ನು ವಿವರಿಸಲು ಅಧ್ಯಕ್ಷೆ ಸಮಯ ಕೊಡಲಿಲ್ಲ. ಮುಂದಿನ ಭಾನುವಾರ ಚರ್ಚಿನ ಹಾಲಿನಲ್ಲಿ 'ಯೆಹೂದಿಗಳ ಪ್ರಾರ್ಥನೆಯಲ್ಲಿ ನಾನು ಕಂಡದ್ದು' ಎಂದು ಎಜ್ರಾ ಪೆಂಗೆಲ್ಲಿಯ ಇಪ್ಪತ್ತು ನಿಮಿಷದ ಭಾಷಣ ನಿಗದಿಯಾಗಿ, ಗೋಡೆಗೆ ಕಾಗದವೂ ಅಂಟಿತು.

"ನೀನು ಅಲ್ಲಿ ಕಂಡದ್ದು ಏನು, ಬಚ್ಚಲ ಕೊಳವೆ ತಾನೆ?" ಎಂದಳು ಹೆಂಡತಿ ಗ್ಲೆನಿಸ್. "ಇಪ್ಪತ್ತು ನಿಮಿಷ ಅದನ್ನೇ ಹೇಳ್ತೀಯಾ?"

"ಶನಿವಾರ ಹೋಗಿ ನೋಡ್ಕೊಂಡು ಬರ್ತೀನಿ. ಹಿಂದಿನ ಬೆಂಚಲ್ಲಿ ಸುಮ್ನೆ ಕೂತ್ಕೊಂಡು ನಾಲ್ಕು ಸಾಲು ಬರ್ಕೊಂಡು ಎದ್ದುಬರೋದು. ಯಾರಿಗೂ ಗೊತ್ತಾಗಲ್ಲ."

"ನೀನು ಯಾರಿಗೂ ಗೊತ್ತಾಗದ ಹಾಗೆ ಮಾಡಿದ ಕೆಲಸ ಒಂದಾದ್ರೂ ಇದ್ರೆ ಹೇಳು ನೋಡೋಣ," ಎಂದು ಗ್ಲೆನಿಸ್ ಅವನ ಒಳ್ಳೆಯ ಸೂಟಿಗೆ ಇಸ್ತ್ರಿ ಹಾಕಿದಳು.

ಮರ್ರಂಬಾ ಒಂದು ಕಾಲದಲ್ಲಿ ಚಿನ್ನದ ಗಣಿಯ ಊರು. ಚಿನ್ನ ಮುಗಿದು ನೂರು ವರ್ಷದ ಮೇಲಾಯಿತು. ಚಿನ್ನ ಇದ್ದಾಗ ಕಟ್ಟಿದ ಸಿನಗಾಗ್ ಮುನ್ನೂರು ಜನ ಹಿಡಿಯುವಷ್ಟು ದೊಡ್ಡದು. ಈಗ ಪ್ರಾರ್ಥನೆಗೆ ಉಳಿದ ಗಂಡಸರು ಒಂಬತ್ತು. ಯೆಹೂದಿಗಳಲ್ಲಿ ಹತ್ತು ಜನ ಗಂಡಸರು ಸೇರದೆ ಪೂರ್ತಿ ಪ್ರಾರ್ಥನೆ ಸಾಗುವುದಿಲ್ಲ. ಹತ್ತನೆಯವರು ಒಂದೂವರೆ ವರ್ಷದ ಹಿಂದೆ ಮಗಳ ಮನೆಗೆಂದು ಪರ್ತ್‌ಗೆ ಹೋದವರು ಅಲ್ಲಿಯ ಬಿಸಿಲಿಗೆ ಮರುಳಾಗಿ ವಾಪಸ್ಸೇ ಬರಲಿಲ್ಲ. ಅಂದಿನಿಂದ ಒಂಬತ್ತು ಜನರೂ ಪ್ರತಿ ಶನಿವಾರ ಬಂದು, ಬಾಗಿಲು ನೋಡಿ, ಅರ್ಧ ಪ್ರಾರ್ಥನೆ ಮಾಡಿ ಮನೆಗೆ ಹೋಗುತ್ತಿದ್ದರು. ಇಂಥ ಬಾಗಿಲಲ್ಲಿ ಎಜ್ರಾ, ಕರಿ ಸೂಟು ಹಾಕಿ, ಹ್ಯಾಟು ಕೈಯಲ್ಲಿ ಹಿಡಿದು ಕಾಣಿಸಿಕೊಂಡ.

ಮೊದಲು ಅವನನ್ನು ಕಂಡದ್ದು ಪ್ರಾರ್ಥನೆಯ ಉಸ್ತುವಾರಿ ನೋಡುವ ಲಾಜರ್ ಬ್ರಿಕ್ಮನ್. ಅವರು ನಿವೃತ್ತ ದಂತವೈದ್ಯರು. ಐವತ್ತು ವರ್ಷ ಬಾಯಿ ತೆರೆದು ಕೂತವರನ್ನೇ ಮಾತಾಡಿಸಿ ಮಾತಾಡಿಸಿ, ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ಅಭ್ಯಾಸ ಅವರಿಗೆ ತಪ್ಪಿಹೋಗಿತ್ತು.

"ಬನ್ನಿ ಬನ್ನಿ! ಊರಿಗೆ ಹೊಸಬರಾ? ಒಳ್ಳೇದಾಯ್ತು. ಹ್ಯಾಟು ಹಾಕ್ಕೊಳ್ಳಿ."

ದೇವರ ಮನೆಯಲ್ಲಿ ಗಂಡಸಾದವನು ಹ್ಯಾಟು ತೆಗೆಯಬೇಕೆಂದು ಎಜ್ರಾನ ಅಮ್ಮ ಕಿವಿ ಹಿಂಡಿ ಕಲಿಸಿದ್ದಳು. ಅವನು ಹಾಕಿಕೊಂಡ, ಎರಡು ಹೆಜ್ಜೆ ನಡೆದ, ಕೈ ತಾನಾಗಿಯೇ ಹೋಗಿ ಹ್ಯಾಟು ತೆಗೆಯಿತು. ಬ್ರಿಕ್ಮನ್ ಅದನ್ನು ಮತ್ತೆ ತಲೆಗಿಟ್ಟರು. ಬೆಂಚಿನ ಹತ್ತಿರ ಬರುವಷ್ಟರಲ್ಲಿ ಹ್ಯಾಟು ಮತ್ತೆ ಕೈಯಲ್ಲಿತ್ತು. ಮೂರನೆಯ ಸಲ ಬ್ರಿಕ್ಮನ್ ಅದನ್ನು ಕಿವಿಯವರೆಗೆ ಒತ್ತಿ ಕೂರಿಸಿದರು.

"ನೋಡಿ, ನಾನು ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ," ಎಂದ ಎಜ್ರಾ.

"ಎಲ್ರೂ ಹಾಗೇ ಅನ್ನೋದು. ನಲವತ್ತು ವರ್ಷದ ಹಿಂದೆ ನಾನೂ ಸುಮ್ನೆ ನೋಡ್ಕೊಂಡು ಹೋಗೋಣ ಅಂತ್ಲೇ ಬಂದೋನು."

"ನನಗೆ ಇದೆಲ್ಲ ಏನೂ ಬರಲ್ಲ."

"ಇಲ್ಲಿ ಯಾರಿಗ್ರೀ ಬರುತ್ತೆ?" ಎಂದು ಬ್ರಿಕ್ಮನ್ ಪುಸ್ತಕ ಕೊಟ್ಟರು. ಎಜ್ರಾ ಅದನ್ನು ಎಡಗಡೆಯಿಂದ ತೆರೆದ. ಅವರ ಲಿಪಿ ಬಲದಿಂದ ಎಡಕ್ಕೆ, ಬ್ರಿಕ್ಮನ್ ಬಲಗಡೆಯಿಂದ ತೆರೆದು ಕೈಗಿಟ್ಟರು. ಅವನು ಜೇಬಿನಿಂದ ನೋಟುಪುಸ್ತಕ, ಪೆನ್ನು ತೆಗೆದ. ಶನಿವಾರ ಅವರ ವಿಶ್ರಾಂತಿಯ ದಿನ, ಸಬ್ಬತ್, ಬರೆಯುವಂತಿಲ್ಲ. ಬ್ರಿಕ್ಮನ್ ಎರಡನ್ನೂ ಕಿತ್ತು ಬೆಂಚಿನ ಕೆಳಗೆ ತಳ್ಳಿ, ಪಕ್ಕದವರ ಕಿವಿಯಲ್ಲಿ, "ಪಾಪ, ಎಲ್ಲಾ ಬಿಟ್ಟು ಎಷ್ಟು ವರ್ಷ ಆಯ್ತೋ ಏನೋ. ಪೂರ್ತಿ ಮರೆತುಬಿಟ್ಟಿದಾರೆ. ಏನೂ ಕೇಳಬೇಡಿ, ನೊಂದ್ಕೋತಾರೆ," ಎಂದರು. ಅತಿಥಿಯನ್ನು ನೀವು ಯೆಹೂದಿಯೇ ಎಂದು ಕೇಳುವುದು ಮರ್ಯಾದೆಯಲ್ಲ. ಒಂಬತ್ತು ಜನರೂ ಮರ್ಯಾದಸ್ಥರು, ಅದರಲ್ಲೂ ಹತ್ತನೆಯವನು ಬೇಕಾಗಿದ್ದಾಗ.

ಮನುಷ್ಯರನ್ನು ಒಂದು ಎರಡು ಎಂದು ಎಣಿಸಬಾರದೆಂದು ಅವರಲ್ಲಿ ಕಟ್ಟುಪಾಡು. ಹಾಗಾಗಿ ಬ್ರಿಕ್ಮನ್ ನಡುವೆ ನಿಂತು, ಒಬ್ಬೊಬ್ಬರ ಕಡೆ ಗದ್ದ ಆಡಿಸುತ್ತಾ, "ಒಂದಲ್ಲ, ಎರಡಲ್ಲ, ಮೂರಲ್ಲ," ಎಂದು ಹೊರಟರು. "ಒಂಬತ್ತಲ್ಲ" ಎಂದಾಗ ಧ್ವನಿ ನಡುಗಿತು. ಎಜ್ರಾನ ಕಡೆ ತಿರುಗಿ, "ಹತ್ತಲ್ಲ!" ಎಂದು ಕೂಗಿಯೇ ಬಿಟ್ಟರು. ಮೇಲಿನ ಮಹಡಿಯಲ್ಲಿ ಕೂತ ಹೆಂಗಸರು ಚಪ್ಪಾಳೆ ತಟ್ಟಿದರು. ತಾನು ಏನು ಅಲ್ಲವೆಂದು ಇಷ್ಟು ಸಂತೋಷಪಡುತ್ತಿದ್ದಾರೆ ಎಂದು ತಿಳಿಯದೆ ಎಜ್ರಾ ಎದ್ದು ತಲೆಬಾಗಿದ, ಹ್ಯಾಟು ಬಿತ್ತು.

ಹತ್ತು ಜನ ಸೇರಿದ ಮೇಲೆ ಅವರ ಧರ್ಮಗ್ರಂಥವಾದ ತೋರಾ ಸುರುಳಿ ಹೊರಗೆ ಬಂತು. ಒಂದೂವರೆ ವರ್ಷದಿಂದ ಬೀರುವಿನಲ್ಲಿದ್ದದ್ದನ್ನು ಎಲ್ಲರೂ ಮುಟ್ಟಿ ಮುತ್ತಿಟ್ಟರು. ಅತಿಥಿಗೆ ಒಂದು ಗೌರವ ಕೊಡದೆ ಕಳಿಸುವುದುಂಟೆ? ಬ್ರಿಕ್ಮನ್ ಬಂದು ಬಗ್ಗಿದರು.

"ನಿಮ್ಮ ಹೆಸರು?"

"ಎಜ್ರಾ."

"ಆಹಾ! ತಂದೇದು?"

"ಓಬದಾಯ."

ಬ್ರಿಕ್ಮನ್ ಕೈ ಎದೆಗೆ ಹೋಯಿತು. "ಅಜ್ಜಂದು?"

"ಸೆಬುಲೋನ. ಕಾರ್ನ್‌ವಾಲ್‌ನಿಂದ ಗಣಿ ಕೆಲಸಕ್ಕೆ ಬಂದೋರು. ಚಿಕ್ಕಪ್ಪಂದಿರು ಹಬಕ್ಕೂಕ, ನೆಹೆಮೀಯ."

ಕಾರ್ನ್‌ವಾಲ್‌ನ ಮೆಥಡಿಸ್ಟ್ ಪಂಗಡದ ಕ್ರೈಸ್ತ ಗಣಿಗಾರರು ಮಕ್ಕಳಿಗೆ ಹೆಸರಿಡುವಾಗ ಯೆಹೂದಿ ಹೆಸರುಗಳೇ ತುಂಬಿದ ಬೈಬಲಿನ ಹಳೆಯ ಒಡಂಬಡಿಕೆಯನ್ನು ಬಿಟ್ಟು ಬೇರೆ ಪುಟ ತಿರುವುತ್ತಿರಲಿಲ್ಲ. ಇದು ಬ್ರಿಕ್ಮನ್‌ಗೆ ಏನು ಗೊತ್ತು? ಅವರ ಸ್ವಂತ ಮೊಮ್ಮಕ್ಕಳ ಹೆಸರು ಕೈಲ್, ಬ್ರಾಡ್. ಅವರು ಎಲ್ಲರ ಕಡೆ ತಿರುಗಿ, "ಕೇಳಿದ್ರಾ? ಕಾರ್ನ್‌ವಾಲ್‌ನಲ್ಲೂ ನಮ್ಮೋರು! ಹೆಸರು ಒಂದೂ ಬಿಟ್ಟಿಲ್ಲ!" ಎಂದರು. ಇಬ್ಬರು ಮುದುಕರು ಕಣ್ಣೊರೆಸಿಕೊಂಡರು.

ಎಜ್ರಾನಿಗೆ ಸಿಕ್ಕ ಗೌರವ ಸಣ್ಣದಲ್ಲ. ಓದಿ ಮುಗಿದ ತೋರಾವನ್ನು ಬಿಚ್ಚಿದ ಹಾಗೆಯೇ ಎರಡು ಹಿಡಿಗಳಿಂದ ತಲೆಯ ಮೇಲಕ್ಕೆ ಎತ್ತಿ ಎಲ್ಲರಿಗೂ ತೋರಿಸುವುದು. ಉಳಿದ ಒಂಬತ್ತು ಜನರಿಗೆ ಸೇರಿ ಏಳು ನೆಟ್ಟಗಿನ ಮೊಣಕಾಲುಗಳಿದ್ದವು. ಎತ್ತುವ ಗಟ್ಟಿ ಆಳು ಯಾರೂ ಇರಲಿಲ್ಲ.

"ಬೀಳಿಸಿದ್ರೆ?" ಎಂದ ಎಜ್ರಾ ಮೆಲ್ಲಗೆ.

"ಬೀಳಿಸಿದ್ರೆ ನೋಡಿದೋರೆಲ್ಲ ನಲವತ್ತು ದಿನ ಉಪವಾಸ. ಏನೂ ಯೋಚನೆ ಮಾಡ್ಬೇಡಿ, ಎತ್ತಿ."

ಎಜ್ರಾ ಕಣ್ಣು ಮುಚ್ಚಿದ. ಮೂವತ್ತೊಂದು ವರ್ಷ ಬೀದಿಯ ಕಬ್ಬಿಣದ ಮುಚ್ಚಳ ಎತ್ತಿದ ತೋಳುಗಳು ಅವು. ಸುರುಳಿ ಸರ್ರನೆ ಮೇಲೆ ಹೋಯಿತು. ಗಾಬರಿಯಲ್ಲಿ ಕೈ ಅಗಲವಾಗಿ, ಒಂದು ಪುಟ ಕಾಣಬೇಕಾದಲ್ಲಿ ಐದು ಪುಟ ತೆರೆದುಕೊಂಡವು. ಅಷ್ಟು ಅಗಲಕ್ಕೆ ಬಿಚ್ಚಿ ಎತ್ತುವವನು ಗಂಡೆದೆಯವನು. ಮೇಲಿನ ಮಹಡಿಯಿಂದ ಬ್ರಿಕ್ಮನ್ ಹೆಂಡತಿ ರಿವಾ, "ಲಾಜರ್! ಇವರನ್ನ ಬಿಡಬೇಡಿ, ಊಟಕ್ಕೆ ಕರೀರಿ!" ಎಂದು ಕೂಗಿದಳು. ಇಳಿಸಿದ ಮೇಲೆ ಎಲ್ಲರೂ ಬಂದು ಕೈ ಕುಲುಕಿದರು. ಪುರಸಭೆಯಲ್ಲಿ ಅವನ ಎತ್ತುವಿಕೆಯನ್ನು ಯಾರೂ ಯಾವತ್ತೂ ಹೊಗಳಿರಲಿಲ್ಲ. ಎಜ್ರಾ ಉಬ್ಬಿಹೋದ.

ತೋರಾ ಬೀರುವಿಗೆ ಹೋಯಿತು. ಆಗ ಮುಂದಿನ ಬೆಂಚಿನಿಂದ ಝೆಲಿಗ್ ಓಸ್ಟ್ರೋವರ್ ಎದ್ದು ಬಂದರು. ಎಂಬತ್ತನಾಲ್ಕು ವರ್ಷದ, ಕೋಲು ಹಿಡಿದ ಸಣ್ಣ ಮನುಷ್ಯ. ಎಜ್ರಾನ ಎರಡೂ ಕೈ ಹಿಡಿದುಕೊಂಡರು, ಬಿಡಲಿಲ್ಲ.

"ನೀವು ಯಾರೋ ಏನೋ ಗೊತ್ತಿಲ್ಲ ಎಜ್ರಾ. ನನ್ನ ಹೆಂಡತಿ ಫೇಲಾನೇ ಕಳಿಸಿದಾಳೆ ನಿಮ್ಮನ್ನ. ಅವಳು ಹೋಗಿ ಇವತ್ತಿಗೆ ಮೂರು ವರ್ಷ. ಈ ದಿನ ಅವಳ ಹೆಸರಲ್ಲಿ ಕದ್ದಿಷ್ ಪ್ರಾರ್ಥನೆ ಹೇಳಬೇಕು. ಹೋದ ವರ್ಷ ಇದೇ ದಿನ ಒಂಬತ್ತು ಜನ ಮಧ್ಯಾಹ್ನದ ತನಕ ಬಾಗಿಲು ನೋಡ್ತಾ ಕೂತಿದ್ವಿ. ಹೇಳೋಕ್ಕಾಗಲಿಲ್ಲ. ಮನೆಗೆ ಹೋಗಿ ಅವಳ ಫೋಟೋ ನೋಡೋಕೆ ನಾಚಿಕೆ ಆಯ್ತು ನನಗೆ. ಐವತ್ತಾರು ವರ್ಷ ಬೇಯಿಸಿ ಹಾಕಿದ ಹೆಂಗಸಿಗೆ ಹತ್ತು ಜನ ಹೊಂದಿಸೋಕ್ಕಾಗಲಿಲ್ವಲ್ಲ."

ಎಜ್ರಾ ಮೆಲ್ಲಗೆ ಕೇಳಿದ, "ಹತ್ತನೆಯವನು ಅಂದ್ರೆ... ಯಾರಾದ್ರೂ ಆಗುತ್ತಾ?"

"ಯಾರಾದ್ರೂ ಆಗುತ್ತೆ. ಕಳ್ಳ ಆದ್ರೂ ಸರಿ, ಕುಡುಕ ಆದ್ರೂ ಸರಿ. ಯೆಹೂದಿ ಆಗಿದ್ರೆ ಸಾಕು."

ಅತ್ತ ದರಿ, ಇತ್ತ ಪುಲಿ. ಬಾಯಿ ಮುಚ್ಚಿಕೊಂಡರೆ ಎಲ್ಲರಿಗೂ ಸಂತೋಷ. ಜೀವಮಾನವೆಲ್ಲ ಎಜ್ರಾ ಮಾಡುತ್ತ ಬಂದದ್ದೂ ಅದನ್ನೇ. ಆದರೆ ಮುದುಕರು ಕೈ ಬಿಟ್ಟಿರಲಿಲ್ಲ, ಸತ್ತ ಹೆಂಗಸಿಗೆ ನಕಲಿ ಮಾಲು ಕೊಡುವುದು ಅವನಿಂದ ಆಗಲಿಲ್ಲ. ಅವನಿಗೆ ಅಳುವೇ ಬಂದುಬಿಟ್ಟಿತು.

"ನಾನು ಮೆಥಡಿಸ್ಟ್," ಎಂದ.

"ಅದಕ್ಕೇನಂತೆ?" ಎಂದರು ಬ್ರಿಕ್ಮನ್. "ನನ್ನ ಮೊಮ್ಮಗಳು ಬೌದ್ಧಳಾಗಿದಾಳೆ. ಹುಟ್ಟಿದ್ದು ಹೋಗುತ್ತಾ? ನಮ್ಮಲ್ಲಿ ತಾಯಿ ಕಡೆಯಿಂದ್ಲೇ ಲೆಕ್ಕ, ನಿಮ್ಮ ತಾಯಿ ಏನು ಹೇಳಿ."

"ಅಮ್ಮಾನೂ ಮೆಥಡಿಸ್ಟ್. ಚರ್ಚಲ್ಲಿ ನಲವತ್ತು ವರ್ಷ ಆರ್ಗನ್ ಬಾರಿಸಿದೋಳು."

"ಅವರ ತಾಯಿ?"

"ಮದ್ಯಪಾನ ವಿರೋಧಿ ಸಂಘದ ಅಧ್ಯಕ್ಷೆ."

ಬ್ರಿಕ್ಮನ್ ಬೆಂಚಿನ ಮೇಲೆ ಕುಸಿದರು. ಇದಾದ ಮೇಲೆ ಎದ್ದ ಗದ್ದಲವನ್ನು ಏನೆಂದು ವರ್ಣಿಸುವುದು! ಒಂಬತ್ತು ಜನ, ಹನ್ನೊಂದು ಅಭಿಪ್ರಾಯ. "ಹಾಗಾದ್ರೆ ತೋರಾ ಓದಿದ್ದು ಲೆಕ್ಕಕ್ಕಿಲ್ವಾ?" "ಮತ್ತೆ ಮೊದಲಿಂದ ಓದ್ಬೇಕಾ?" "ಓದೋಕೆ ಹತ್ತನೆಯವರೆಲ್ಲಿ?" "ಅಲ್ಲಾರೀ, ಐದು ಪುಟ ಎತ್ತಿದನಲ್ಲ, ಆಗಲೇ ನನಗೆ ಅನುಮಾನ ಬಂತು, ನಮ್ಮೋರು ಯಾರು ಅಷ್ಟು ಎತ್ತುತಾರೆ?" ಝೆಲಿಗ್ ಮಾತ್ರ ಎಜ್ರಾನ ಕೈ ಬಿಟ್ಟು, ತಮ್ಮ ಜಾಗಕ್ಕೆ ಹೋಗಿ, ಪುಸ್ತಕ ಮುಚ್ಚಿ ಕೂತರು.

ಮಹಡಿಯ ಮೇಲಿನ ಹೆಂಗಸರನ್ನು ಆ ಹತ್ತರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಊರಿನ ಲೆಕ್ಕವೆಲ್ಲ ಅವರ ಹತ್ತಿರವೇ ಇರುತ್ತದೆ. ರಿವಾ ಬ್ರಿಕ್ಮನ್ ಕಟಕಟೆಗೆ ಒರಗಿ ಗುಡುಗಿದಳು. "ಎದುರು ಮನೇಲಿ ಒಬ್ಬರು ಕೂತಿದಾರಲ್ಲ! ಎಲ್ರಿಗೂ ಕಣ್ಣು ಹೋಗಿದೆಯಾ?"

"ಆ ಹೆಸರು ಇಲ್ಲಿ ಎತ್ತಬೇಡಿ!" ಎಂದರು ಝೆಲಿಗ್, ಕೋಲು ಕುಟ್ಟಿ.

ಎಜ್ರಾನಿಗೆ ವಿಷಯ ತುಂಡು ತುಂಡಾಗಿ ಸಿಕ್ಕಿತು. ಎದುರು ಮನೆಯವರು ಮೋರಿಟ್ಜ್ ಲಾಂಗರ್, ಪಿಯಾನೋ ಶ್ರುತಿ ಮಾಡುತ್ತಿದ್ದವರು, ಸತ್ತುಹೋದ ಫೇಲಾಳ ಸ್ವಂತ ಅಣ್ಣ. ಹನ್ನೊಂದು ವರ್ಷದ ಹಿಂದೆ ಪ್ರಾರ್ಥನೆಯ ನಡುವೆ ಅವರು ಸೆಖೆ ಎಂದು ಕಿಟಕಿ ತೆರೆದರು. ಝೆಲಿಗ್ ಗಾಳಿ ಎಂದು ಮುಚ್ಚಿದರು. ಅವರು ತೆರೆದರು, ಇವರು ಮುಚ್ಚಿದರು. ಏಳನೆಯ ಸಲಕ್ಕೆ ಮೋರಿಟ್ಜ್ ಎದ್ದು ಹೋದವರು ರಸ್ತೆ ದಾಟಿ ಈ ಕಡೆ ಬಂದಿರಲಿಲ್ಲ. ಉಳಿದವರು ಝೆಲಿಗ್ ಪಕ್ಷ ವಹಿಸಿ, ಆ ಮನೆಯ ಗೇಟು ತುಳಿಯುವುದಿಲ್ಲ, ಅವರನ್ನು ಕರೆಯುವುದೂ ಇಲ್ಲ ಎಂದು ಆಣೆ ಮಾಡಿದ್ದರು. ಫೇಲಾಳ ಮಣ್ಣಿಗೂ ಭಾವ ಭಾಮೈದ ಗುಂಡಿಯ ಆ ಕಡೆ ಈ ಕಡೆ ನಿಂತು ಬಂದಿದ್ದರು. ಒಂಬತ್ತು ಜನ ಹತ್ತನೆಯವನಿಗಾಗಿ ದಾರಿ ಕಾಯುತ್ತಿದ್ದದ್ದು ಅವನ ಮನೆಯ ಎದುರಿಗೇ ಕೂತು.

"ನಾನು ಹೋಗಿ ಕರೀಲಾ?" ಎಂದ ಎಜ್ರಾ.

ಯಾರೂ ಹೋಗು ಎನ್ನಲಿಲ್ಲ. ಹೇಳಿದರೆ ಆಣೆ ಮುರಿದ ಹಾಗೆ. ಬ್ರಿಕ್ಮನ್ ಸೂರು ನೋಡುತ್ತಾ, "ಯಾರಾದ್ರೂ ಗಾಳಿ ತಗೊಳೋಕೆ ಹೊರಗೆ ಹೋದ್ರೆ ನಾವು ತಡೆಯೋಕ್ಕಾಗುತ್ತಾ?" ಎಂದರು. ಇನ್ನೊಬ್ಬರು ಗೋಡೆಗೆ, "ಆ ಮನೆ ಕರೆಗಂಟೆ ಕೆಟ್ಟಿದೆಯಂತೆ, ಬಾಗಿಲು ತಟ್ಟಬೇಕಂತೆ, ನನಗೇನು ಗೊತ್ತು," ಎಂದರು. ಝೆಲಿಗ್ ಕಿಟಕಿಯ ಕಡೆ ಮುಖ ತಿರುಗಿಸಿದರು.

ಎಜ್ರಾ ರಸ್ತೆ ದಾಟಿ ಬಾಗಿಲು ತಟ್ಟಿದ. ಒಂದೇ ತಟ್ಟಿಗೆ ತೆರೆಯಿತು. ಒಳಗೆ ನಿಂತ ಎತ್ತರದ ಮುದುಕರು ಸೂಟು, ಟೈ, ಹ್ಯಾಟು, ಮಿರಿಮಿರಿ ಮಿಂಚುವ ಬೂಟು ಹಾಕಿದ್ದರು.

"ಎಲ್ಲಿಗೋ ಹೊರಟಿದ್ರೇನೋ?" ಎಂದ ಎಜ್ರಾ.

"ಎಲ್ಲಿಗೂ ಇಲ್ಲ," ಎಂದರು ಮೋರಿಟ್ಜ್. "ಹನ್ನೊಂದು ವರ್ಷದಿಂದ ಪ್ರತಿ ಶನಿವಾರ ಹೀಗೇ ಎಲ್ಲಿಗೂ ಹೊರಡದೆ ಇರ್ತೀನಿ. ಝೆಲಿಗ್ ಕಳಿಸಿದ್ನಾ?"

"ಇಲ್ಲ."

"ತಪ್ಪಾಯ್ತು ಅಂದ್ನಾ?"

"ಅದೂ ಇಲ್ಲ."

"ಹಾಗಾದ್ರೆ ಹೊರಡಿ."

ಎಜ್ರಾ ಹ್ಯಾಟು ತೆಗೆದು, ಹಾಕಿ, ಮತ್ತೆ ತೆಗೆದ. "ಹೋಗ್ತೀನಿ. ಆದ್ರೆ ನಿಮ್ಮ ತೋರಾ ಎತ್ತಿಬಿಟ್ಟೆ, ಅದಕ್ಕೊಂದು ಕ್ಷಮಿಸಿಬಿಡಿ. ನಾನು ಮೆಥಡಿಸ್ಟ್. ಅವರಿಗೆ ಗೊತ್ತಿರಲಿಲ್ಲ, ಹತ್ತನೆಯವನು ಅಂತ ನನ್ನ ಹಿಡ್ಕೊಂಡ್ರು."

ಮೋರಿಟ್ಜ್ ಮುಖ ಮೊದಲು ಬಿಳುಪಾಯಿತು, ಆಮೇಲೆ ಕೆಂಪಾಯಿತು. "ಏನು? ಎದುರು ಮನೇಲಿ ನಾನು ಬೂಟು ಹಾಕ್ಕೊಂಡು ಕೂತಿದೀನಿ, ಅವರು ಬೀದೀಲಿ ಹೋಗೋ ಮೆಥಡಿಸ್ಟನ್ನ ಹಿಡ್ಕೊಂಡು ತೋರಾ ಎತ್ತಿಸಿದ್ರಾ? ನನ್ನ ತಂಗಿಯ ದಿನ?"

ಎಜ್ರಾ ಹ್ಯಾಟು ಹಾಕಿಕೊಳ್ಳುವಷ್ಟರಲ್ಲಿ ಅವರು ರಸ್ತೆಯ ಆ ಬದಿಗೆ ಹೋಗಿಯಾಗಿತ್ತು.

ಸಿನಗಾಗ್‌ನ ಬಾಗಿಲು ಗೋಡೆಗೆ ಬಡಿಯಿತು. "ಹನ್ನೊಂದು ವರ್ಷ!" ಎಂದು ಮೋರಿಟ್ಜ್ ಹೊಸ್ತಿಲು ದಾಟುತ್ತಲೇ ಶುರುಮಾಡಿದರು. "ಹನ್ನೊಂದು ವರ್ಷದಲ್ಲಿ ಒಬ್ಬನಿಗಾದ್ರೂ ನಾಲಿಗೆ ಇರಲಿಲ್ವಾ? ನಾಚಿಕೆ, ಮಾನ, ಮರ್ಯಾದೆ..."

"...ಎಂಟಲ್ಲ, ಒಂಬತ್ತಲ್ಲ, ಹತ್ತಲ್ಲ!" ಎಂದರು ಬ್ರಿಕ್ಮನ್ ಒಂದೇ ಉಸಿರಿಗೆ. "ಝೆಲಿಗ್, ಹೇಳಿ, ಬೇಗ!"

ಝೆಲಿಗ್ ಎದ್ದು ನಿಂತು ಕದ್ದಿಷ್ ಶುರುಮಾಡಿಯೇ ಬಿಟ್ಟರು.

ಕದ್ದಿಷ್ ಕಿವಿಗೆ ಬಿದ್ದ ಮೇಲೆ ಯೆಹೂದಿಯಾದವನು ಆಮೆನ್ ಎನ್ನದೆ ಇರುವಂತಿಲ್ಲ. ಕೋಪ ಎಷ್ಟೇ ಇರಲಿ, ಬೈಗುಳ ಅರ್ಧದಲ್ಲಿರಲಿ. ಮೋರಿಟ್ಜ್ ಎತ್ತಿದ ಕೈ ಹಾಗೇ ನಿಂತಿತು, ಬಾಯಿ ಎರಡು ಸಲ ತೆರೆಯಿತು, ಮುಚ್ಚಿತು. "ಆಮೆನ್," ಎಂದರು, ಹಲ್ಲು ಕಚ್ಚಿ.

ಮೂರನೆಯ ಸಾಲಿಗೆ ಝೆಲಿಗ್ ತಡವರಿಸಿದರು. ಸಾವಿರ ಸಲ ಕೇಳಿದ ಮಾತು, ಮುಂದಿನದು ನೆನಪಿಗೇ ಬರಲಿಲ್ಲ. ಕೋಲಿನ ಮೇಲೆ ಬಗ್ಗಿ ನಿಂತುಬಿಟ್ಟರು.

"ಇದೂ ಬರಲ್ವಾ ನಿನಗೆ?" ಎಂದು ಬಾಗಿಲಿನಿಂದ ಗದರಿಸಿ, ಮೋರಿಟ್ಜ್ ಮುಂದಿನ ಮಾತು ಹೇಳಿದರು. ಝೆಲಿಗ್ ಅದನ್ನು ಹಿಡಿದುಕೊಂಡರು. ಇನ್ನೊಂದು ಹೇಳಿದರು, ಇವರು ಅದನ್ನೂ ಹಿಡಿದುಕೊಂಡರು. ಹೇಳುತ್ತ ಹೇಳುತ್ತ ಮೋರಿಟ್ಜ್ ಬಾಗಿಲು ಬಿಟ್ಟು ಮುಂದಕ್ಕೆ ಬಂದಿದ್ದರು. ಕೊನೆಯ ಸಾಲನ್ನು ಇಬ್ಬರೂ ಪಕ್ಕಪಕ್ಕ ನಿಂತು ಒಟ್ಟಿಗೆ ಹೇಳಿ ಮುಗಿಸಿದರು. "ಆಮೆನ್," ಎಂದಿತು ಸಭೆ. ಎಲ್ಲರಿಗಿಂತ ಗಟ್ಟಿಯಾಗಿ ಅಂದದ್ದು ಹಿಂದಿನ ಬೆಂಚಿನ ಮೆಥಡಿಸ್ಟ್. ಇಷ್ಟು ಹೊತ್ತಿಗೆ ಅವನಿಗೆ ಗೊತ್ತಿದ್ದ ಪದ ಒಂದು ಬಂದಿತ್ತು.

ಮೋರಿಟ್ಜ್ ಕಣ್ಣೊರೆಸಿಕೊಂಡು, ಕರವಸ್ತ್ರ ಮಡಿಸಿ ಜೇಬಿಗಿಟ್ಟು, "ಎಲ್ಲಿದ್ದೆ? ಹಾಂ, ನಾಚಿಕೆ, ಮಾನ, ಮರ್ಯಾದೆ," ಎಂದು ಮತ್ತೆ ಶುರುಮಾಡಿದರು. ಅರ್ಧ ಗಂಟೆ ಬೈದರು. ಎಲ್ಲರೂ ಪರಮ ಸುಖದಿಂದ ಕೇಳಿದರು.

ಹೊರಡುವಾಗ ಮೋರಿಟ್ಜ್ ಎಜ್ರಾನನ್ನು ಮೆಟ್ಟಿಲ ಬಳಿ ಹಿಡಿದು ನಿಲ್ಲಿಸಿದರು. "ಮುಂದಿನ ಶನಿವಾರ ಎಷ್ಟು ಗಂಟೆಗೆ ಬರ್ತೀರಿ?"

"ನಾನ್ಯಾಕೆ? ಈಗ ನೀವು ಹತ್ತು ಜನ ಆದ್ರಲ್ಲ."

"ಹತ್ತು ಜನ ಹೇಗೆ ಆಗ್ತೀವ್ರೀ? ನಾನು ಕರೀದೆ ಹೋಗೋ ಮನುಷ್ಯ ಅಲ್ಲ. ಅವರು ಆಣೆ ಮಾಡಿದಾರೆ, ಕರಿಯೋ ಹಾಗಿಲ್ಲ. ಒಂಬತ್ತೂವರೆಗೆ ಬಂದುಬಿಡಿ."

ಭಾನುವಾರದ ಭಾಷಣ ಇಪ್ಪತ್ತು ನಿಮಿಷದ್ದು ಐವತ್ತು ನಿಮಿಷವಾಯಿತು, ಒಂದು ಅಕ್ಷರವೂ ಸುಳ್ಳಿರಲಿಲ್ಲ, ಯಾರೂ ನಂಬಲಿಲ್ಲ. ಅಂದಿನಿಂದ ಪ್ರತಿ ಶನಿವಾರ ಒಂಬತ್ತೂವರೆಗೆ ಎಜ್ರಾ ಪೆಂಗೆಲ್ಲಿ ಆ ಬಾಗಿಲು ತಟ್ಟಿ, "ಬರ್ತೀರಾ?" ಎನ್ನುತ್ತಾನೆ. ಮೋರಿಟ್ಜ್, "ಈಗ ನೆನಪಾಯ್ತಾ?" ಎಂದು ಹ್ಯಾಟು ಸರಿಮಾಡಿಕೊಂಡು ರಸ್ತೆ ದಾಟುತ್ತಾರೆ.

ಚಳಿಗಾಲದಲ್ಲಿ ಒಂದು ಶನಿವಾರ ಎಜ್ರಾನಿಗೆ ಜ್ವರ ಬಂದು ಏಳಲಾಗಲಿಲ್ಲ. ಹತ್ತೂಕಾಲಿಗೆ ಬಾಗಿಲು ಬಡಿದ ಸದ್ದಾಯಿತು. ಗ್ಲೆನಿಸ್ ತೆರೆದು ನೋಡಿದರೆ ಮೋರಿಟ್ಜ್ ಲಾಂಗರ್. ಸಬ್ಬತ್ ದಿನ ಕಾರು ಹತ್ತುವಂತಿಲ್ಲ. ಎಂಬತ್ತು ದಾಟಿದ ಮುದುಕರು ಮಂಜಿನಲ್ಲಿ ಮುಕ್ಕಾಲು ಗಂಟೆ ನಡೆದು ಬಂದಿದ್ದರು. ನೇರ ಮಲಗುವ ಕೋಣೆಗೆ ಬಂದು ಮಂಚದ ಪಕ್ಕ ನಿಂತರು.

"ಅಲ್ಲಿ ಒಂಬತ್ತು ಜನ ಕಾಯ್ತಿದಾರೆ. ಯಾಕೆ ಕರಿಯೋಕೆ ಬರಲಿಲ್ಲ?"

ಎಜ್ರಾ ಕಂಬಳಿಯಿಂದ ಮುಖ ಹೊರಗೆ ಹಾಕಿ, "ಬರ್ತೀರಾ?" ಎಂದ.

"ಹೂಂ," ಎಂದರು ಮೋರಿಟ್ಜ್, ಮತ್ತೆ ಮುಕ್ಕಾಲು ಗಂಟೆಯ ದಾರಿ ಹಿಡಿದು ಹೊರಟರು.